ಕೋಲು ಮುರಿಯಬೇಕಾದ ಜಾಗ

ಆ ಕೋಲು ನನ್ನ ಮೇಜಿನ ಮೇಲೆ ಬಂದದ್ದು ಸೆಪ್ಟೆಂಬರಿನ ಒಂದು ಮಧ್ಯಾಹ್ನ, ಊಟಕ್ಕೆಂದು ಶಟರ್ ಎಳೆಯುವ ಹೊತ್ತಿಗೆ. ಎರಡು ತುಂಡಾಗಿತ್ತು. ತಂದವರು ಮೂಡುಬಿದಿರೆಯ ಒಂದು ಆಸ್ಪತ್ರೆಯಲ್ಲಿ ನರ್ಸ್, ಮನೆ ಕಕ್ಕಿಂಜೆಯಲ್ಲಿ. ದಿನವೂ ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸುವಾಗ ‘ಕಾರ್ಬನ್ ದೋಟಿ ರಿಪೇರಿ ಮಾಡಲಾಗುವುದು’ ಎಂಬ ನನ್ನ ಅಂಗಡಿಯ ಬೋರ್ಡು ಅವರ ಕಣ್ಣಿಗೆ ಬೀಳುತ್ತಿತ್ತಂತೆ. ದೋಟಿಯೂ ಕಾರ್ಬನ್, ಇದೂ ಕಾರ್ಬನ್, ಕೇಳಿ ನೋಡುವ ಎಂದು ಬಂದಿದ್ದರು.

ದೋಟಿ ಎಂದರೆ ಅಡಿಕೆ ಮರ ಹತ್ತದೆ ನೆಲದಲ್ಲೇ ನಿಂತು ಗೊನೆ ಕೊಯ್ಯುವ ಸಾಧನ. ಒಂದರೊಳಗೊಂದು ತೂರುವ ಕೊಳವೆಗಳು, ತುದಿಯಲ್ಲಿ ಕತ್ತಿ. ಗಲ್ಫಿನ ಒಂದು ದೋಣಿ ಕಾರ್ಖಾನೆಯಲ್ಲಿ ಕಾರ್ಬನ್ ಬಟ್ಟೆಗೆ ಅಂಟು ಬಳಿದು ಕಲಿತ ವಿದ್ಯೆಯನ್ನು ನಾನು ಊರಿಗೆ ಬಂದ ಮೇಲೆ ಈ ಕೊಳವೆಗಳ ಮೇಲೆ ಪ್ರಯೋಗಿಸುತ್ತಿದ್ದೇನೆ. ಅಂದು ಬಂದ ಕೋಲು ಮಾತ್ರ ನನ್ನ ಹೊಟ್ಟೆಯ ಎತ್ತರಕ್ಕೂ ಇರಲಿಲ್ಲ. ಇದರಲ್ಲಿ ಏನು ಕೊಯ್ಯುತ್ತೀರಿ ಎಂದು ಕೇಳಿದೆ. ಬೆಟ್ಟದಲ್ಲಿ ಓಡುವಾಗ ಎರಡು ಕೈಯಲ್ಲೂ ಒಂದೊಂದು ಹಿಡಿಯುವುದು ಎಂದರು. ಕೋಲು ಬೇಕಾದವರು ಓಡುವುದು ಯಾಕೆ, ಓಡುವವರಿಗೆ ಕೋಲು ಯಾಕೆ ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಡಿಸೆಂಬರಿನಲ್ಲಿ ಘಟ್ಟದ ಮೇಲೆ ಐವತ್ತು ಕಿಲೋಮೀಟರಿನ ಓಟ. ಮ್ಯಾರಥಾನಿಗಿಂತ ಉದ್ದವಾದ್ದರಿಂದ ಅದಕ್ಕೆ ಅಲ್ಟ್ರಾ ಎನ್ನುತ್ತಾರಂತೆ. ನಲವತ್ತನೆಯ ಕಿಲೋಮೀಟರಿನಲ್ಲಿ ಒಂದು ತಪಾಸಣೆಯ ಜಾಗ; ಮಧ್ಯಾಹ್ನ ಒಂದು ಗಂಟೆಯೊಳಗೆ ಅಲ್ಲಿಗೆ ಮುಟ್ಟದಿದ್ದರೆ ಜೀಪು ಹತ್ತಿಸಿ ಕಳಿಸುತ್ತಾರೆ. ಹೋದ ವರ್ಷ ಇವರು ಆರು ನಿಮಿಷ ತಡವಾಗಿ ಜೀಪು ಹತ್ತಿದ್ದರು. ದಾರಿಯಲ್ಲಿ ಕೋಲು ಮುರಿದಿತ್ತು, ಇಳಿಜಾರಿನಲ್ಲಿ ಭಾರವೆಲ್ಲ ಮೊಣಕಾಲಿಗೆ ಬಿದ್ದು ಕಾಲು ಕೈಕೊಟ್ಟಿತ್ತು. ಆಮೇಲೆ ಕೊಂಡ ಹೊಸ ಜೋಡಿಯೂ ಅದೇ ಜಾಗದಲ್ಲಿ, ತುದಿಯಿಂದ ಒಂದು ಗೇಣು ಮೇಲೆ ಮುರಿಯಿತು. ಅದೇ ನನ್ನ ಮೇಜಿನ ಮೇಲಿದ್ದದ್ದು.

“ಸಾಹೇಬ್ರೆ, ಮನೆಯಲ್ಲಿ, ವಾರ್ಡಿನಲ್ಲಿ ಇಡೀ ದಿನ ಬೇರೆಯವರಿಗೆ ಹೋಗ್ತದೆ. ಈ ಓಟ ಒಂದೇ ನನ್ನದು ಅಂತ ಇರುವುದು,” ಎಂದರು. “ಇಳಿಯುವಾಗ ಕೋಲು ಇಲ್ಲದೆ ಓಡಬಾರದು ಅಂತ ಡಾಕ್ಟ್ರು ಖಡಾಖಂಡಿತ ಹೇಳಿದ್ದಾರೆ. ಈ ಸಲವೂ ಮುರಿದರೆ ನಾನು ಓಟ ಬಿಡ್ತೇನೆ.”

ನಾವು ಮಾತಾಡುವುದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆದರೆ ಆ ಕೊನೆಯ ಮಾತನ್ನು ಅವರು ಹೇಳಿದ ಬಗೆ ಯಾವ ಭಾಷೆಯಲ್ಲೂ ಅರ್ಥವಾಗುವಂಥದ್ದು. ಅಡಿಕೆ ಕೊಯ್ಲು ಹತ್ತಿರ ಬರುತ್ತಿತ್ತು, ಅಂಗಡಿಯ ಮೂಲೆಯಲ್ಲಿ ಮುರಿದ ದೋಟಿಗಳು ರಾಶಿ ಬಿದ್ದಿದ್ದವು. ಆಗುವುದಿಲ್ಲ ಸಿಸ್ಟರ್ ಎನ್ನಬೇಕಿತ್ತು. “ನೋಡುವ,” ಎಂದುಬಿಟ್ಟೆ. ನಮ್ಮ ಕಡೆ ಆ ಮಾತು ಹೇಳಿದ ಮೇಲೆ ತಪ್ಪಿಸಿಕೊಳ್ಳುವುದು ಕಷ್ಟ.

ಮುರಿದದ್ದನ್ನು ಜೋಡಿಸುವುದಕ್ಕಿಂತ ಹೊಸದು ಮಾಡುವುದೇ ಸುಲಭವೆಂದು ತೋರಿತು. ಅಳತೆಗೆ ನನ್ನ ಹೆಂಡತಿಯನ್ನು ಕರೆದೆ. ಅಂಗಡಿಯ ಅರ್ಧದಲ್ಲಿ ಪರದೆಯ ಆಚೆ ಅವಳ ಹೊಲಿಗೆ ಯಂತ್ರವಿದೆ. ಸಿಸ್ಟರ್ ಪೊರಕೆಯ ಕೋಲನ್ನು ನೆಲಕ್ಕೂರಿ ಹಿಡಿಯಬೇಕು, ಮೊಣಕೈ ಮೂಲೆಮಟ್ಟದ ಹಾಗೆ ಸರಿಯಾಗಿ ಮಡಚಿರಬೇಕು, ಹೆಂಡತಿ ಅವರ ಮುಷ್ಟಿಯ ಕೆಳಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಬೇಕು. ಹಾಕಿದಳು. ಹಾಕಿದ ಮೇಲೆ ಕೆಳಗೆ ನೋಡಿ, ಇವರು ಚಪ್ಪಲಿಯಲ್ಲಿದ್ದಾರಲ್ಲ, ಓಡುವುದೂ ಇದರಲ್ಲಿಯಾ ಎಂದು ನನ್ನನ್ನು ಕೇಳಿದಳು. ಮರುದಿನ ಸಿಸ್ಟರ್ ಓಟದ ಬೂಟು ಹಾಕಿ ಬಂದರು, ಗೆರೆ ಎರಡು ಬೆರಳು ಮೇಲೆ ಹೋಯಿತು. ನೂರ ಹತ್ತು ಸೆಂಟಿಮೀಟರ್.

ಮೂಲೆಯ ರಾಶಿಯಿಂದ ದೋಟಿಯ ಮೇಲ್ತುದಿಯ ಸಪೂರ ಕೊಳವೆಗಳನ್ನು ಆರಿಸಿದೆ. ನೀರು ಹಾಕಿ ಉಜ್ಜಿದೆ. ಒಣಗಿದ್ದನ್ನು ಉಜ್ಜಿದರೆ ಕಾರ್ಬನ್ ಪುಡಿ ಎದೆಗೆ ಹೋಗುತ್ತದೆ, ಮೈಯೆಲ್ಲ ತುರಿಕೆ. ಎರಡು ಪದರ ಬಟ್ಟೆ ಸುತ್ತಿ ಅಂಟು ಹಾಕಿದೆ. ಮಳೆ ಇನ್ನೂ ಬಿಟ್ಟಿರಲಿಲ್ಲ, ಅಂಟು ಎರಡು ದಿನವಾದರೂ ಬೆಲ್ಲದ ಪಾಕದಂತೆ ಜಿಗುಟಾಗಿಯೇ ಇತ್ತು. ಹಳೆಯ ತಗಡಿನ ಪೆಟ್ಟಿಗೆಯೊಳಗೆ ಬಲ್ಬು ಉರಿಸಿ ಅದರಲ್ಲಿಟ್ಟು ಒಣಗಿಸಿದೆ. ಮೇಲಿನ ತುಂಡಿಗೂ ಕೆಳಗಿನ ತುಂಡಿಗೂ ನಡುವೆ ದೋಟಿಯದೇ ಕ್ಲಾಂಪು. ಪಕ್ಕದ ದಿನಸಿ ಅಂಗಡಿಯಲ್ಲಿ ತೂಗಿದರೆ ಕೊಂಡು ತಂದ ಕೋಲಿಗಿಂತ ಒಂದೂವರೆ ಪಟ್ಟು ಭಾರ. ಕ್ಲಾಂಪನ್ನು ಸಣ್ಣದು ಮಾಡಿ ಕೈಯ ಹತ್ತಿರಕ್ಕೆ ತಂದೆ. ಭಾರ ಕೆಳಗಿದ್ದರೆ ಬೀಸುವಾಗ ಕೈ ಸೋಲುತ್ತದೆ, ಇದು ದೋಟಿಯವರಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ದೋಟಿಯವನ ಬುದ್ಧಿಯಿಂದಲೇ ಒಂದು ತಪ್ಪೂ ಆಯಿತು. ದೋಟಿಯನ್ನು ಬಿಗಿಯಾಗಿ ಹಿಡಿಯಬೇಕು, ಜಾರಿದರೆ ತಲೆಯ ಮೇಲೆ ಬರುತ್ತದೆ. ಹಾಗಾಗಿ ಹಿಡಿಕೆಗೆ ಒರಟು ಹಗ್ಗ ಸುತ್ತಿ ಕೊಟ್ಟೆ. ಎರಡು ಗಂಟೆ ಓಡಿ ಬಂದ ಸಿಸ್ಟರಿನ ಮುಂಗೈ ಊದಿಕೊಂಡಿತ್ತು, ಬೆರಳು ಬಿಡಿಸಲಾಗುತ್ತಿರಲಿಲ್ಲ. ಹೆಂಡತಿ ಮಂಗಳೂರಿನಿಂದ ಬಟ್ಟೆಯ ಗಂಟು ತರುವಾಗ ಚೀಲದ ಬಾರನ್ನು ಮಣಿಕಟ್ಟಿಗೆ ಹಾಕಿಕೊಳ್ಳುತ್ತಾಳೆ, ಬೆರಳಿನಲ್ಲಿ ಹಿಡಿಯುವುದೇ ಇಲ್ಲ. ಅವಳೇ ಶಾಲೆಯ ಚೀಲದ ಪಟ್ಟಿಯಿಂದ ಅಗಲವಾದ ಕೈಪಟ್ಟಿ ಹೊಲಿದುಕೊಟ್ಟಳು. ಕೈಯನ್ನು ಪಟ್ಟಿಯ ಕೆಳಗಿನಿಂದ ತೂರಿಸಿ, ಭಾರವನ್ನು ಪಟ್ಟಿಯ ಮೇಲೆ ಬಿಟ್ಟು, ಹಿಡಿಕೆಯನ್ನು ಎರಡು ಬೆರಳಲ್ಲಿ ಸುಮ್ಮನೆ ಮುಟ್ಟಿಕೊಂಡಿದ್ದರೆ ಸಾಕಾಯಿತು. ಹಗ್ಗ ಬಿಚ್ಚಿ ಸೈಕಲ್ಲಿನ ಹ್ಯಾಂಡಲ್ ಸ್ಪಂಜು ಹಾಕಿದೆ.

ಮೊದಲ ಜೋಡಿ ಗಡಾಯಿಕಲ್ಲಿನಲ್ಲಿ ಹೋಯಿತು. ಬೆಳ್ತಂಗಡಿ ಹತ್ತಿರದ ಆ ಒಂಟಿ ಬಂಡೆಗೆ ಮಳೆಗಾಲದಲ್ಲಿ ಬಿಡುವುದಿಲ್ಲ. ಬಿಡಲು ಶುರುವಾದ ವಾರವೇ ಸಿಸ್ಟರ್ ಡ್ಯೂಟಿಗೆ ಮುಂಚೆ ಅದರ ಮೆಟ್ಟಿಲು ಹತ್ತಿ ಇಳಿದು, ಇನ್ನೊಮ್ಮೆ ಹತ್ತಿ ಇಳಿಯುವ ಅಭ್ಯಾಸ ಹಿಡಿದಿದ್ದರು. ಎರಡನೆಯ ಇಳಿತದಲ್ಲಿ ಎಡಗೈಯ ಕೋಲು ಕ್ಲಾಂಪಿನ ಬಾಯಿಯಿಂದ ಉದ್ದಕ್ಕೆ ಸೀಳಿತು. ಪುಣ್ಯಕ್ಕೆ ಮುಂದಕ್ಕೆ ಬೀಳದೆ ಮೆಟ್ಟಿಲ ಮೇಲೆ ಕುಕ್ಕರಿಸಿದರಂತೆ. ಕೋಲನ್ನು ತಂದು ಮೇಜಿನ ಮೇಲಿಟ್ಟು ಬಸ್ಸಿಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು. ದೋಟಿ ಮುರಿದರೆ ಅಡಿಕೆ ಮರದಲ್ಲೇ ಉಳಿಯುತ್ತದೆ, ಅಷ್ಟೆ. ಇದು ಮುರಿದರೆ ಬೀಳುವುದು ಮನುಷ್ಯರು ಎಂಬುದು ನನ್ನ ಬುದ್ಧಿಗೆ ಸರಿಯಾಗಿ ಹೊಕ್ಕಿದ್ದು ಆಗಲೇ.

ಸೀಳನ್ನು ನೋಡಿದಾಗ ಕಾರಣ ತಿಳಿಯಿತು. ಕಾರ್ಬನ್ನಿನ ಎಳೆಗಳೆಲ್ಲ ಉದ್ದಕ್ಕೆ ಓಡಿದ್ದವು. ದೋಟಿಗೆ ಅಷ್ಟು ಸಾಕು, ಅದು ಬಾಗುವ ವಸ್ತು. ನೆಲಕ್ಕೆ ಕುಟ್ಟುವ ಕೋಲಿಗೆ ಅಡ್ಡ ಎಳೆಯೂ ಬೇಕು, ಇಲ್ಲವಾದರೆ ಬಿದಿರಿನ ಹಾಗೆ ಸೀಳುತ್ತದೆ. ಎರಡನೆಯ ಜೋಡಿಗೆ ಕ್ಲಾಂಪಿನ ಕೆಳಗೂ ತುದಿಯ ಹತ್ತಿರವೂ ಬಟ್ಟೆಯನ್ನು ಪಟ್ಟಿಯಾಗಿ ಕತ್ತರಿಸಿ ಒತ್ತೊತ್ತಾಗಿ ಅಡ್ಡ ಸುತ್ತಿದೆ, ಗಾಯಕ್ಕೆ ಪಟ್ಟಿ ಸುತ್ತುವ ಹಾಗೆ. ಹೇಗೆ ಸುತ್ತಿದರೆ ಜಾರುವುದಿಲ್ಲ ಎಂದು ತೋರಿಸಿಕೊಟ್ಟವರು ಸಿಸ್ಟರೇ. ಒಣಗಿದ ಮೇಲೆ ಎರಡು ಕಲ್ಲಿನ ನಡುವೆ ಅಡ್ಡ ಇಟ್ಟು ನಾನು ಅದರ ಮೇಲೆ ನಿಂತೆ. ನನ್ನ ತೂಕವನ್ನು ಇಲ್ಲಿ ಬರೆಯುವುದಿಲ್ಲ. ಕೋಲು ಬಾಗಿತು, ಮುರಿಯಲಿಲ್ಲ. ಕಾಯುತ್ತ ಕುಳಿತಿದ್ದ ದೋಟಿಯವರು ಸಾಹೇಬರು ಈಗ ಊರುಗೋಲಿನ ವ್ಯಾಪಾರಕ್ಕೆ ಇಳಿದಿದ್ದಾರೆ, ನಮ್ಮ ದೋಟಿ ಇನ್ನು ಬರುವ ವರ್ಷಕ್ಕೆ ಎಂದು ತಮಾಷೆ ಮಾಡಿದರು. ನಾನು ಎದೆ ಉಬ್ಬಿಸಿ, ಇದು ಮುರಿದರೆ ಬೋರ್ಡು ಇಳಿಸುತ್ತೇನೆ ಎಂದೆ.

ಈ ಸಲ ನಾನೇ ನೋಡಬೇಕೆಂದು ಒಂದು ಭಾನುವಾರ ಮಡಂತ್ಯಾರಿನ ಆಚೆಯ ಒಂದು ಪದವಿಗೆ ಹೋದೆವು. ಹೆಂಡತಿಯೂ ನಾನೂ ಸ್ಕೂಟರಿನಲ್ಲಿ, ಸಿಸ್ಟರ್ ಓಡುತ್ತ. ಪದವು ಎಂದರೆ ಮುರಕಲ್ಲಿನ ಬಯಲು. ಮೇಲೆ ಒಣಹುಲ್ಲು, ಕೆಳಗೆ ತೂತು ತೂತಾದ ಕೆಂಪು ಕಲ್ಲು. ಏರಿನಲ್ಲಿ ಅವರು ಕೋಲನ್ನು ಪಾದದ ಪಕ್ಕ ಊರಿ ಹಿಂದಕ್ಕೆ ತಳ್ಳುತ್ತಿದ್ದರು, ಇಳಿಜಾರಿನಲ್ಲಿ ಒಂದು ಹೆಜ್ಜೆ ಮುಂದೆ ಊರಿ ಭಾರ ಬಿಡುತ್ತಿದ್ದರು. ಟಕ್ ಟಕ್ ಎಂಬ ಸದ್ದು ಒಂದೇ ಹದದಲ್ಲಿ ಬರುತ್ತಿತ್ತು. ನನ್ನ ಕೈಯ ಕೆಲಸ ನೋಡಿ ನನಗೇ ಖುಷಿಯಾಗುತ್ತಿದ್ದ ಹೊತ್ತಿಗೆ ಬಲಗೈಯ ಕೋಲಿನ ತುದಿ ಕಲ್ಲಿನ ಒಂದು ತೂತಿಗೆ ಇಳಿದು ಸಿಕ್ಕಿಕೊಂಡಿತು. ಕೈ ಪಟ್ಟಿಯೊಳಗಿತ್ತು. ಮೈ ಮುಂದೆ ಹೋಯಿತು, ತೋಳು ಹಿಂದೆ ಉಳಿಯಿತು. ಸಿಸ್ಟರ್ ಗಿರಕಿ ಹೊಡೆದು ಬಿದ್ದರು.

ಕೋಲಿಗೆ ಒಂದು ಗೀರೂ ಆಗಿರಲಿಲ್ಲ, ನೆಟ್ಟ ಕಂಬದ ಹಾಗೆ ಕಲ್ಲಿನಲ್ಲೇ ನಿಂತಿತ್ತು. ಅವರ ಬಲಭುಜ ಮಾತ್ರ ಉಳುಕಿತ್ತು. ಅವರದೇ ಆಸ್ಪತ್ರೆಯ ಡಾಕ್ಟರು ಹತ್ತು ದಿನ ಓಡಬಾರದು, ಕೈ ಎತ್ತಬಾರದು ಎಂದರು. ಓಟಕ್ಕೆ ಉಳಿದದ್ದು ಐದು ವಾರ. ನನ್ನಿಂದ ಆಗುವುದಿಲ್ಲ ಸಿಸ್ಟರ್, ಬೇರೆ ಯಾರನ್ನಾದರೂ ನೋಡಿ ಎಂದು ಫೋನಿನಲ್ಲಿ ಹೇಳಿದೆ. ಬೇರೆ ಯಾರೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಅವರು ಸರಿ ಎಂದು ಫೋನ್ ಇಟ್ಟರು.

ಎರಡು ದಿನ ಬರೀ ದೋಟಿ ಕೆಲಸ ಮಾಡಿದೆ. ಮೂರನೆಯ ದಿನ ವೇಣೂರು ಕಡೆಯ ಒಬ್ಬ ಕೊಯ್ಲುಗಾರ ನಡುಕೊಳವೆ ಮುರಿದುಕೊಂಡು ಬಂದ. ಕತ್ತಿ ಸೋಗೆಯಲ್ಲಿ ಸಿಕ್ಕಿಬಿದ್ದಿದೆ, ಇವನು ಎಳೆದಿದ್ದಾನೆ. ನೋಡಿದರೆ ಕ್ಲಾಂಪನ್ನು ಸ್ಪ್ಯಾನರ್ ಹಾಕಿ ಬಿಗಿದಿದ್ದ. ನನಗೆ ಸಿಟ್ಟು ಬಂತು. “ಎಷ್ಟು ಸಲ ಹೇಳಬೇಕು ಮಾರಾಯ? ಕೈಯಲ್ಲಿ ಬಿಗಿದಷ್ಟೇ ಸಾಕು. ಕತ್ತಿ ಸಿಕ್ಕಿದರೆ ಕೀಲು ಜಾರಬೇಕು, ಕೊಳವೆಗೆ ಏನೂ ಆಗಬಾರದು. ಜಾರಿದರೆ ಮತ್ತೆ ಏರಿಸಿಕೊಳ್ಳಬಹುದು. ಮುರಿದರೆ ಏನು ಮಾಡ್ತಿ?”

ಹೇಳುತ್ತ ಹೇಳುತ್ತ ನನಗೇ ಹೊಳೆಯಿತು. ದಿನಕ್ಕೆ ನಾಲ್ಕು ಜನರಿಗೆ ಮಾಡುವ ಈ ಉಪದೇಶವನ್ನು ಎರಡು ತಿಂಗಳಿನಿಂದ ನಾನೇ ಮರೆತಿದ್ದೆ. ಕೋಲನ್ನು ಗಟ್ಟಿ ಮಾಡುತ್ತಲೇ ಹೋಗಿದ್ದೆ. ಎಲ್ಲವೂ ಗಟ್ಟಿಯಾದ ಮೇಲೆ ಬಿಟ್ಟುಕೊಡುವುದಕ್ಕೆ ಉಳಿದದ್ದು ಆ ಹೆಂಗಸಿನ ಭುಜ ಒಂದೇ. ಕೊಯ್ಲುಗಾರ ನನ್ನ ಮುಖವನ್ನೇ ನೋಡುತ್ತಿದ್ದ. ಕೂತ್ಕೊ, ಚಾ ಕುಡಿ ಎಂದು ಹೇಳಿ ಸಿಸ್ಟರಿಗೆ ಫೋನ್ ಮಾಡಿದೆ.

“ಇನ್ನೊಂದು ಜೋಡಿ ಮಾಡ್ತೇನೆ ಸಿಸ್ಟರ್. ಇದು ಮುರಿಯುವ ಕೋಲು. ಆದರೆ ಎಲ್ಲಿ ಮುರಿಯಬೇಕು ಅಂತ ನಾನು ಹೇಳ್ತೇನೆ, ಕಲ್ಲು ಹೇಳುವುದಲ್ಲ.”

“ಮುರಿದ ಮೇಲೆ ಮುಂದೆ ಹೋಗುವ ಹಾಗೆ ಉಂಟಾ?” ಎಂದರು. ಉಂಟು ಎಂದೆ. ಹೇಗೆ ಎಂದು ಆಗ ನನಗೂ ಗೊತ್ತಿರಲಿಲ್ಲ.

ಯೋಚನೆ ಇಷ್ಟು. ಕೋಲಿನ ಕೊನೆಯ ನಾಲ್ಕು ಬೆರಳಿನಷ್ಟು ಭಾಗ ಪ್ಲಾಸ್ಟಿಕ್ಕಿನದು, ಅದರ ನಡುವೆ ಸುತ್ತಲೂ ಒಂದು ಸಣ್ಣ ಗಾಡಿ, ಎಂದರೆ ಕೊರೆದ ಗೀರು. ನೆಟ್ಟಗೆ ಊರಿದರೆ ಇಡೀ ಮೈಭಾರ ತಾಳಬೇಕು. ಕಲ್ಲಿಗೆ ಸಿಕ್ಕಿ ಪಕ್ಕಕ್ಕೆ ವಾಲಿದರೆ ಗಾಡಿಯಲ್ಲೇ ಪಟಕ್ಕನೆ ಮುರಿಯಬೇಕು. ಮುರಿದದ್ದನ್ನು ಕಿತ್ತು ಹೊಸದು ಹಾಕಿಕೊಂಡು ಹೋಗಬೇಕು. ಎಷ್ಟು ಎಳೆತಕ್ಕೆ ಮುರಿಯಬೇಕು ಎಂಬುದೇ ದೊಡ್ಡ ಪ್ರಶ್ನೆ. ಅದಕ್ಕೆ ಸಿಸ್ಟರ್ ಸರಿಯಿದ್ದ ಎಡಗೈಗೆ ಪಟ್ಟಿ ಹಾಕಿಕೊಂಡು ಅಂಗಡಿಯಲ್ಲಿ ಹೆಜ್ಜೆ ಮುಂದಿಟ್ಟು ನಿಂತರು. ಹೆಂಡತಿ ಪಟ್ಟಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಹಿಂದಿನಿಂದ ಮೆಲ್ಲ ಎಳೆದಳು. ಮುಳ್ಳು ಒಂಬತ್ತು ಕಿಲೋ ದಾಟುವಾಗ ಅವರ ಹಿಮ್ಮಡಿ ತಪ್ಪಿತು. ಮೂರು ಸಲವೂ ಅಷ್ಟೇ. ಹಾಗಾದರೆ ಆರಕ್ಕೆ ಮುರಿಯಬೇಕು ಎಂದು ನಿಶ್ಚಯಿಸಿದೆವು.

ಹೇಳಿದಷ್ಟು ಸುಲಭವಾಗಿರಲಿಲ್ಲ. ಬೆಳ್ತಂಗಡಿಯ ಲೇತಿನವರು ಮೊದಲು ಕಡೆದುಕೊಟ್ಟದ್ದು ನೈಲಾನು. ಅದು ಬಾಗಿತೇ ಹೊರತು ಮುರಿಯಲಿಲ್ಲ. ಬೇರೊಂದು ಗಡುಸು ಸರಳು ಹುಡುಕಿ ತಂದರು. ಅದು ಮುರಿಯಿತು, ಆದರೆ ಮುರಿದ ಬುಡ ಕೊಳವೆಯೊಳಗೇ ಕಚ್ಚಿಕೊಂಡು ಏನು ಮಾಡಿದರೂ ಹೊರಗೆ ಬರಲಿಲ್ಲ. ಒಳಗೆ ತೂರಿಸುವ ಬದಲು ಟೊಪ್ಪಿಯ ಹಾಗೆ ಹೊರಗಿನಿಂದ ತೊಡಿಸಿದೆ; ತಿರುಗಿಸಿ ಎಳೆದರೆ ಕೈಗೆ ಬಂತು. ನೆಲ ಕಚ್ಚಲು ಕಾಂಕ್ರೀಟ್ ಕೊರೆಯುವ ಹಳೆಯ ಡ್ರಿಲ್ ಬಿಟ್ಟುಗಳ ಗಟ್ಟಿ ತುದಿಯನ್ನು ಕತ್ತರಿಸಿ ಕೂರಿಸಿದೆ. ಅಂಗಳದಲ್ಲಿ ಒಂದು ಮುರಕಲ್ಲು ಇಟ್ಟುಕೊಂಡು, ತುದಿಯನ್ನು ತೂತಿಗೆ ಇಳಿಸಿ, ತಕ್ಕಡಿಯಿಂದ ಪಟ್ಟಿಯನ್ನು ಎಳೆದು, ಮುರಿದ ಪ್ರತಿಯೊಂದರ ಗಾಡಿಯ ಆಳವನ್ನೂ ತೂಕವನ್ನೂ ಗೋಡೆಯ ಮೇಲೆ ಬರೆದೆ. ಕೆಲವು ನಾಲ್ಕಕ್ಕೇ ಮುರಿದವು, ಕೆಲವು ಹನ್ನೊಂದಾದರೂ ಜಗ್ಗಲಿಲ್ಲ. ಇಪ್ಪತ್ತಕ್ಕಿಂತ ಹೆಚ್ಚು ತುದಿಗಳನ್ನು ಹಾಳು ಮಾಡಿದ ಮೇಲೆ ಹದ ಸಿಕ್ಕಿತು. ಕಲ್ಲಿನ ತೂತಿನಲ್ಲಿ ಎದ್ದು ಕಾಣಲೆಂದು ಎಲ್ಲಕ್ಕೂ ಕೇಸರಿ ಬಣ್ಣ ಬಳಿದೆ. ಓಟದ ದಾರಿಯಲ್ಲಿ ಚೂರನ್ನೂ ಬಿಟ್ಟು ಹೋಗಬಾರದೆಂಬ ನಿಯಮವಿದೆ.

ಸಿಸ್ಟರ್ ಅಷ್ಟರಲ್ಲಿ ಸುಮ್ಮನೆ ಕೂತಿರಲಿಲ್ಲ. ಕೈ ಎತ್ತಬಾರದು ಎಂದರೆ ಕಾಲು ಎತ್ತಬಾರದು ಎಂದಲ್ಲವಲ್ಲ ಎಂದು ಗಡಾಯಿಕಲ್ಲನ್ನು ನಡೆದೇ ಹತ್ತಿದರು. ಕುಚ್ಚಲಕ್ಕಿ ಗಂಜಿಯನ್ನು ಉಪ್ಪು ಹಾಕಿ ರುಬ್ಬಿ ಬಾಟಲಿಗೆ ತುಂಬಿ, ನಡೆಯುತ್ತಲೇ ಗುಟುಕರಿಸಿ, ಹೊಟ್ಟೆ ಎಷ್ಟು ಒಪ್ಪುತ್ತದೆ ಎಂದು ನೋಡಿಕೊಂಡರು. ಸಂಜೆ ಬಸ್ಸಿಗೆ ಕಾಯುವ ಇಪ್ಪತ್ತು ನಿಮಿಷ ನನ್ನ ಅಂಗಡಿಯ ಬೆಂಚಿನಲ್ಲಿ ತುದಿ ಬದಲಿಸುವ ಅಭ್ಯಾಸ. ಮೊದಲು ಮೂರು ನಿಮಿಷ ಹಿಡಿಯುತ್ತಿತ್ತು. ಒದ್ದೆ ಕೈಯಲ್ಲಿ, ಆಮೇಲೆ ಕಣ್ಣು ಮುಚ್ಚಿ ಮಾಡಿದರು. ದೋಟಿಯವರು ಮೊಬೈಲಿನಲ್ಲಿ ಹೊತ್ತು ನೋಡುತ್ತಿದ್ದರು. ನಲವತ್ತು ಸೆಕೆಂಡಿಗೆ ಇಳಿದ ದಿನ, ತನ್ನ ದೋಟಿ ಇನ್ನೂ ಸಿಕ್ಕಿಲ್ಲವೆಂದು ಜಗಳಕ್ಕೆ ಬಂದಿದ್ದವನೂ ಚಪ್ಪಾಳೆ ಹೊಡೆದ.

ಅವರು ಬಿದ್ದ ಹನ್ನೆರಡನೆಯ ದಿನ ಅದೇ ಪದವಿಗೆ ಹೋದೆವು. ಅವರ ಮುಖದಲ್ಲಿ ಹೆದರಿಕೆ ಇತ್ತು, ನನ್ನ ಎದೆಯಲ್ಲಿ ಅದಕ್ಕಿಂತ ಹೆಚ್ಚು. ಎರಡನೆಯ ಸುತ್ತಿನಲ್ಲಿ ತುದಿ ಸಿಕ್ಕಿಕೊಂಡಿತು. ಪಟ್ ಎಂದಿತು. ಸಿಸ್ಟರ್ ಒಂದು ಹೆಜ್ಜೆ ತಡವರಿಸಿ, ನಿಂತು, ಬುಡ ತಿರುಗಿಸಿ ಎಳೆದು, ಹೊಸದು ತೊಡಿಸಿ, ಕಲ್ಲಿನ ತೂತಿನಿಂದ ಕೇಸರಿ ಚೂರನ್ನು ಹೆಕ್ಕಿ ಜೇಬಿಗೆ ಹಾಕಿ ಓಡಿದರು. ಮಾಡಿದ ವಸ್ತು ಮುರಿದದ್ದಕ್ಕೆ ನಾನು ಸಂತೋಷಪಟ್ಟದ್ದು ಜೀವಮಾನದಲ್ಲಿ ಅದೊಂದೇ ಸಲ.

ಓಟದ ದಿನ ಹೆಂಡತಿಯೂ ನಾನೂ ಚಾರ್ಮಾಡಿ ಘಾಟಿ ಹತ್ತಿ, ನಲವತ್ತನೆಯ ಕಿಲೋಮೀಟರಿನ ಜಾಗದಲ್ಲಿ ಹನ್ನೊಂದಕ್ಕೇ ಹೋಗಿ ನಿಂತೆವು. ಒಂದು ಶಾಮಿಯಾನ, ನೀರಿನ ಕ್ಯಾನು, ಕತ್ತರಿಸಿದ ಕಿತ್ತಳೆ, ಬಾಗಿಲು ತೆರೆದೇ ನಿಂತ ಜೀಪು. ಕೊರಳಿಗೆ ಸೀಟಿ ಹಾಕಿಕೊಂಡ ಒಬ್ಬರು ಬಂದವರ ನಂಬರು ಬರೆದುಕೊಳ್ಳುತ್ತಿದ್ದರು. ಹನ್ನೆರಡೂವರೆಗೆ ಸಿಸ್ಟರ್ ಬಂದಿರಲಿಲ್ಲ. ಮುಕ್ಕಾಲಿಗೂ ಬರಲಿಲ್ಲ. ನಾನು ಹದಿನಾರು ತುದಿ ಕೊಟ್ಟಿದ್ದೆ. ಹದಿನಾರೂ ಮುರಿದಿದ್ದರೆ ಎಂದು ಯೋಚಿಸುತ್ತ ಜೀಪಿನ ಸುತ್ತ ನಡೆದೆ. ಜೀಪಿನ ಚಾಲಕ ಸಿಗರೇಟು ಆರಿಸಿ ಸೀಟಿನಲ್ಲಿ ಕುಳಿತ.

ಹನ್ನೆರಡು ಐವತ್ತೆರಡಕ್ಕೆ ಗುಡ್ಡದ ಮೇಲಿನಿಂದ ಟಕ್ ಟಕ್ ಕೇಳಿತು. ಬಂದರು. ನಾನು ಮೊದಲು ನೋಡಿದ್ದು ಕೋಲಿನ ಕಡೆಗೆ. ಎರಡೂ ಇದ್ದವು, ಎರಡರಲ್ಲೂ ತುದಿ ಇತ್ತು, ಕ್ಲಾಂಪಿನ ಕೆಳಗೆ ಸೀಳಿರಲಿಲ್ಲ. ಎಷ್ಟು ಮುರಿಯಿತು ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ನೀರು ತುಂಬಿಸಿಕೊಂಡು, ಎರಡು ತುಂಡು ಕಿತ್ತಳೆ ಬಾಯಿಗೆ ಹಾಕಿ, ನಂಬರು ಹೇಳಿ ಹೊರಟೇ ಹೋದರು. ಮುಂದಿನ ಹತ್ತು ಕಿಲೋಮೀಟರು ಅವರು ಕಾಲಿಡದ ದಾರಿ. ತಿರುವಿನಲ್ಲಿ ಒಮ್ಮೆ ಹಿಂತಿರುಗಿ ಜೀಪಿನ ಕಡೆಗೆ ನೋಡಿದರು, ಆಮೇಲೆ ಹುಲ್ಲಿನ ಮರೆಗೆ ಹೋದರು.

ನಾವು ಮೊದಲೇ ಹೋಗಿ ಕಾಯುತ್ತಿದ್ದ ಮುಕ್ತಾಯದ ಗೆರೆಯನ್ನು ಅವರು ದಾಟಿದ್ದು ಮೂರೂಮುಕ್ಕಾಲಿಗೆ, ಗಡುವಿಗೆ ಹದಿನೈದು ನಿಮಿಷ ಇರುವಾಗ. ಅವರ ಹಿಂದೆ ಇದ್ದವರು ಇಬ್ಬರೇ. ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತರು. ಹೆಂಡತಿ ಪಕ್ಕದಲ್ಲಿ ಕುಳಿತು ಅವರ ಬೂಟಿನ ದಾರ ಬಿಚ್ಚತೊಡಗಿದಳು. ಸಿಸ್ಟರ್ ಜೇಬಿಗೆ ಕೈ ಹಾಕಿ ಕೇಸರಿ ಚೂರುಗಳನ್ನು ನನ್ನ ಅಂಗೈಗೆ ಸುರಿದರು. ಏಳಿದ್ದವು. ಏಳು ಸಲ ಭುಜ ಉಳಿಯಿತು ಎಂದು ಎಣಿಸುತ್ತ ನಾನು ಒಂದೊಂದನ್ನೇ ಬೆಳಕಿಗೆ ಹಿಡಿದೆ. ಎಲ್ಲವೂ ಗಾಡಿಯಲ್ಲೇ ಮುರಿದಿದ್ದವು. ಕೋಲನ್ನು ಎತ್ತಿಕೊಂಡು ಸುತ್ತಿದ ಪಟ್ಟಿಯ ಮೇಲೆ ಉಗುರು ಎಳೆದೆ, ಕ್ಲಾಂಪು ಸಡಿಲವಾಗಿದೆಯೋ ಎಂದು ಅಲ್ಲಾಡಿಸಿದೆ.

“ಸಾಹೇಬ್ರೆ,” ಎಂದರು, “ಕೋಲು ಆಮೇಲೆ ನೋಡುವ. ಒಮ್ಮೆ ನನ್ನನ್ನು ನೋಡಿ. ಮುಗಿಸಿದೆ ನಾನು.”

ಕೋಲನ್ನು ಕೆಳಗಿಟ್ಟು ಅವರ ಮುಖ ನೋಡಿದೆ. ಕೆನ್ನೆಯ ಮೇಲೆ ಬೆವರಿನ ಉಪ್ಪು ಬಿಳಿಯಾಗಿ ಒಣಗಿತ್ತು, ಹುಬ್ಬಿನವರೆಗೆ ಕೆಂಪು ಧೂಳು ಹತ್ತಿತ್ತು. ಆ ಧೂಳಿನ ಮೇಲೆ ಕಣ್ಣೀರು ಇಳಿಯುತ್ತಿತ್ತು, ಅವರು ನಗುತ್ತಿದ್ದರು. ಹೆಂಡತಿ ಬೂಟು ಕಳಚಿ ಪಕ್ಕಕ್ಕಿಟ್ಟು, ಗಂಜಿ ತಂದಿದ್ದೇನೆ, ಇನ್ನು ಕೂತು ಊಟ ಮಾಡಿ ಎಂದಳು.